ಜೋರು ಸಂಗೀತಕ್ಕೆ ಇಯರ್‌ಪ್ಲಗ್: ಆರಿಸುವುದು ಹೇಗೆ, ಹಾಕಿಕೊಳ್ಳುವುದು ಹೇಗೆ

ಇಯರ್‌ಪ್ಲಗ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಪೊಟ್ಟಣದ ಮೇಲೆ ಅತಿ ದೊಡ್ಡ ಸಂಖ್ಯೆ ಇರುವುದನ್ನೇ ಹುಡುಕುತ್ತಾರೆ. ಕಲ್ಲುಕ್ವಾರಿಗೆ, ಕಾರ್ಖಾನೆಗೆ ಅದು ಸರಿಯಿರಬಹುದು, ಸಂಗೀತಕ್ಕೆ ಸರಿಯಲ್ಲ. ಭಾರಿ ಸದ್ದು ತಗ್ಗಿಸುವ ಫೋಮ್ ಪ್ಲಗ್ ತುರುಕಿಕೊಂಡು ಕಾರ್ಯಕ್ರಮಕ್ಕೆ ಹೋದವನಿಗೆ ಎರಡನೇ ಹಾಡಿಗೇ ಬೇಸರ ಹತ್ತುತ್ತದೆ. ಡ್ರಮ್ಮಿನ ಧಿಂ ಧಿಂ ಮಾತ್ರ ಕೇಳಿಸುತ್ತದೆ, ತಾಳದ ಟಿಂಕಾರವೂ ಹಾಡಿನ ಸಾಹಿತ್ಯವೂ ಕೇಳಿಸುವುದಿಲ್ಲ. ಪ್ಲಗ್ ಜೇಬು ಸೇರುತ್ತದೆ.

ಆಮೇಲೆ ನಡೆಯುವ ಲೆಕ್ಕ ಬಹಳ ಕ್ರೂರವಾದದ್ದು. ನಿಜವಾಗಿಯೂ 30 ಡೆಸಿಬಲ್ ತಗ್ಗಿಸುವ ಪ್ಲಗ್ಗನ್ನು ಮೂರು ಗಂಟೆಯ ಕಾರ್ಯಕ್ರಮದಲ್ಲಿ ಒಂದೂವರೆ ಗಂಟೆ ತೆಗೆದಿಟ್ಟರೆ ಒಟ್ಟಾರೆ ದಕ್ಕುವ ರಕ್ಷಣೆ ಬರೀ 3 ಡೆಸಿಬಲ್. ಹದಿನೆಂಟು ನಿಮಿಷ ಮಾತ್ರ ತೆಗೆದಿದ್ದರೂ ಅದು ಸುಮಾರು 10 ಡೆಸಿಬಲ್‌ಗೆ ಇಳಿಯುತ್ತದೆ. 15 ಡೆಸಿಬಲ್ ತಗ್ಗಿಸುವ ಸಾಧಾರಣ ಪ್ಲಗ್ಗನ್ನು ಮೊದಲಿನಿಂದ ಕೊನೆಯವರೆಗೆ ತೆಗೆಯದೆ ಇಟ್ಟುಕೊಂಡವನು ಇವರಿಬ್ಬರಿಗಿಂತ ಕ್ಷೇಮ. ಆದ್ದರಿಂದ ಆಯ್ಕೆಯ ಸೂತ್ರ ಒಂದೇ: ಸದ್ದನ್ನು ಬೇಕಾದಷ್ಟು ತಗ್ಗಿಸಬೇಕು, ಸಂಗೀತವನ್ನು ಕೆಡಿಸಬಾರದು, ಮುಗಿಯುವವರೆಗೂ ತೆಗೆಯಬೇಕೆನಿಸಬಾರದು. ಮುಂದಿನ ಹೆಜ್ಜೆಗಳೆಲ್ಲ ಇದಕ್ಕಾಗಿಯೇ.

ಹೆಜ್ಜೆ 1: ನೀವು ನಿಲ್ಲುವ ಜಾಗದಲ್ಲಿ ಸದ್ದು ಎಷ್ಟಿದೆ ಎಂದು ತಿಳಿಯಿರಿ

ಡೆಸಿಬಲ್ ಅಳತೆ ನಮ್ಮ ಕೂಡು-ಕಳೆ ಲೆಕ್ಕಕ್ಕೆ ಒಗ್ಗುವುದಿಲ್ಲ. 3 ಡೆಸಿಬಲ್ ಹೆಚ್ಚಾದರೆ ಕಿವಿಗೆ ಬಡಿಯುವ ಶಕ್ತಿ ಎರಡರಷ್ಟಾಗುತ್ತದೆ, ಸುರಕ್ಷಿತವಾಗಿ ಕೇಳಬಹುದಾದ ಸಮಯ ಅರ್ಧಕ್ಕೆ ಇಳಿಯುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿಕೊಟ್ಟ ಮಿತಿಯ ಪ್ರಕಾರ ದಿನವೊಂದಕ್ಕೆ:

- 85 ಡೆಸಿಬಲ್: 8 ಗಂಟೆ
- 88 ಡೆಸಿಬಲ್: 4 ಗಂಟೆ
- 91 ಡೆಸಿಬಲ್: 2 ಗಂಟೆ
- 94 ಡೆಸಿಬಲ್: 1 ಗಂಟೆ
- 97 ಡೆಸಿಬಲ್: 30 ನಿಮಿಷ
- 100 ಡೆಸಿಬಲ್: 15 ನಿಮಿಷ
- 103 ಡೆಸಿಬಲ್: ಏಳೂವರೆ ನಿಮಿಷ
- 106 ಡೆಸಿಬಲ್: ನಾಲ್ಕು ನಿಮಿಷಕ್ಕೂ ಕಡಿಮೆ

ರಾಕ್ ಸಂಗೀತದ ಮೈದಾನ, ಪಬ್, ಡಿಜೆ ಮೆರವಣಿಗೆ ಇವೆಲ್ಲ ಈ ಪಟ್ಟಿಯ ಕೆಳಗಿನ ಸಾಲುಗಳಲ್ಲೇ ಓಡಾಡುತ್ತವೆ. ಇದು ಕೆಲಸಗಾರರಿಗಾಗಿ ಮಾಡಿದ ಮಿತಿ, ಮೋಜಿಗೆ ಹೋದವರಿಗೂ ಅದೇ ಏಕೆ ಎಂದು ಕೇಳುವವರಿದ್ದಾರೆ. ಸದ್ದನ್ನು ಗ್ರಹಿಸುವ ಒಳಗಿವಿಯ ರೋಮಕೋಶಗಳಿಗೆ ಸಂಬಳದ ಸದ್ದು, ಸಂತೋಷದ ಸದ್ದು ಎಂಬ ಭೇದ ಗೊತ್ತಿಲ್ಲ. ಮನುಷ್ಯರಲ್ಲಿ ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಅಳೆಯುವ ಸುಲಭ ದಾರಿ ಮೊಬೈಲ್. ಐಫೋನ್ ಇದ್ದವರಿಗೆ ನಿಯೋಶ್ ಸಂಸ್ಥೆಯದೇ ಸೌಂಡ್ ಲೆವೆಲ್ ಮೀಟರ್ ಆ್ಯಪ್ ಉಚಿತವಾಗಿ ಸಿಗುತ್ತದೆ. ಆಂಡ್ರಾಯ್ಡ್‌ನಲ್ಲಿ ಹತ್ತಾರು ಆ್ಯಪ್‌ಗಳಿವೆ, ಆದರೆ ಒಂದೊಂದು ಫೋನಿನ ಮೈಕ್ ಒಂದೊಂದು ಬಗೆ. ತೀರಾ ಜೋರು ಸದ್ದಿನಲ್ಲಿ ಕೆಲವು ಮೈಕ್‌ಗಳು ಕೈಚೆಲ್ಲಿ, ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ. ಆದ್ದರಿಂದ ಆ್ಯಪ್ 95 ಎಂದರೆ ಕನಿಷ್ಠ 95 ಎಂದುಕೊಳ್ಳಿ. ಒಂದು ಕ್ಷಣದ ಗರಿಷ್ಠ ಸಂಖ್ಯೆಯನ್ನಲ್ಲ, ಕೆಲವು ನಿಮಿಷಗಳ ಸರಾಸರಿಯನ್ನು ನೋಡಿ. ಫೋನ್ ತೆಗೆಯುವ ಮನಸ್ಸಿಲ್ಲದವರಿಗೆ ಹಳೆಯ ಉಪಾಯವಿದೆ: ಒಂದು ತೋಳಿನಷ್ಟು ದೂರದಲ್ಲಿ ನಿಂತವರಿಗೆ ಮಾತು ಮುಟ್ಟಿಸಲು ಕೂಗಬೇಕಾಯಿತೆಂದರೆ 85ರ ಗಡಿ ದಾಟಿದೆ.

ಜಾಗ ಬದಲಿಸಿ ಎರಡು ಕಡೆ ಅಳೆದು ನೋಡುವುದು ಲಾಭದ ಕೆಲಸ. ಬಯಲಿನಲ್ಲಿ ಒಂಟಿ ಸ್ಪೀಕರ್‌ನಿಂದ ಇರುವ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಎಂದರೆ ಕೇಳಬಹುದಾದ ಸಮಯ ನಾಲ್ಕು ಪಟ್ಟು, ಅದೂ ಪುಕ್ಕಟೆ. ಕಲ್ಯಾಣ ಮಂಟಪದಂಥ ಗೋಡೆ, ಟೈಲ್ಸ್ ತುಂಬಿದ ಜಾಗದಲ್ಲಿ ಈ ಲಾಭ ಪೂರ್ತಿ ಸಿಗುವುದಿಲ್ಲ, ಸದ್ದು ಸುತ್ತಿ ಸುತ್ತಿ ಬರುತ್ತದೆ.

ಇಲ್ಲಿ ಎರಡು ತಪ್ಪು ನಂಬಿಕೆಗಳನ್ನು ಬಿಡಬೇಕು. ‘ಪೊಲೀಸರ ಅನುಮತಿ ಇದೆ, ಹತ್ತು ಗಂಟೆಗೆ ನಿಲ್ಲಿಸುತ್ತಾರೆ’ ಎಂಬುದು ಮೊದಲನೆಯದು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುತ್ತವೆ, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಗೊತ್ತುಮಾಡಿವೆ. ಅದೆಲ್ಲ ಸುತ್ತಲಿನವರ ನೆಮ್ಮದಿಗಾಗಿ. ಸ್ಪೀಕರ್ ಮುಂದೆ ಕುಣಿಯುವವನ ಕಿವಿಯ ಕಾವಲಿಗಲ್ಲ. ಎರಡನೆಯದು, ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಸ್ಥಳಗಳಿಗೆ ಹೇಳಿದ ಮಿತಿಯ ಬಗೆಗಿನದು. ಹದಿನೈದು ನಿಮಿಷಗಳ ಸರಾಸರಿ 100 ಡೆಸಿಬಲ್ ಮೀರಬಾರದು ಎಂದು ಅದು ಹೇಳುತ್ತದೆ. ಅದು ಆಯೋಜಕರಿಗೆ ಹಾಕಿದ ಮೇಲ್ಮಿತಿ. 100 ಡೆಸಿಬಲ್‌ನಲ್ಲಿ ಮೂರು ಗಂಟೆ ಬರಿಗಿವಿಯಲ್ಲಿ ನಿಲ್ಲಬಹುದು ಎಂದು ಅದರ ಅರ್ಥವಲ್ಲ. ಇಂಥ ಕಡೆ ಪ್ರೇಕ್ಷಕರಿಗೆ ಶ್ರವಣ ರಕ್ಷಣೆಯ ಸಾಧನ ಸಿಗುವಂತಿರಬೇಕು ಎಂದೂ ಅದೇ ದಾಖಲೆ ಹೇಳುತ್ತದೆ.

ಹೆಜ್ಜೆ 2: ಎಷ್ಟು ತಗ್ಗಿಸಬೇಕು ಎಂದು ಲೆಕ್ಕ ಹಾಕಿ

ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ನೀವು ನಡೆಯುವ ಜಾಗದಲ್ಲಿ 103 ಡೆಸಿಬಲ್ ಇದೆ, ಎರಡು ಗಂಟೆ ಜೊತೆಗಿರುತ್ತೀರಿ ಎಂದುಕೊಳ್ಳಿ. ಎರಡು ಗಂಟೆಗೆ ಮಿತಿ 91. ಕನಿಷ್ಠ 12 ಡೆಸಿಬಲ್ ಇಳಿಯಬೇಕು. ಅಂಚಿನಲ್ಲಿ ನಿಲ್ಲದೆ ಇನ್ನೂ ನಾಲ್ಕೈದು ಸೇರಿಸಿ, 16-17 ಎಂದಿಟ್ಟುಕೊಳ್ಳಿ. ಅದೇ ದಿನ ಬೇರೆಡೆ ಕಿವಿಗೆ ಬಿದ್ದ ಸದ್ದೂ ಇದೇ ಖಾತೆಗೆ ಜಮೆಯಾಗುತ್ತದೆ, ಆದ್ದರಿಂದ ಈ ಹೆಚ್ಚುವರಿ ಬೇಕು.

ಕಿವಿಯೊಳಗೆ ತಲುಪುವ ಸದ್ದು 75ರಿಂದ 85ರ ನಡುವೆ ಇದ್ದರೆ ಸಂಗೀತವೂ ಚೆಂದ, ಕಿವಿಗೂ ಕ್ಷೇಮ. ಅದಕ್ಕಿಂತ ಕೆಳಗಿಳಿದರೆ ಪಕ್ಕದವರ ಮಾತು ಕೇಳುವುದಿಲ್ಲ, ಹಿಂದಿನಿಂದ ಬರುವ ವಾಹನದ ಹಾರ್ನ್ ಕೇಳುವುದಿಲ್ಲ. ಮೆರವಣಿಗೆಯಲ್ಲಿ ಅದು ಬೇರೆಯೇ ಅಪಾಯ.

ಹೆಚ್ಚಿನ ಕೇಳುಗರಿಗೆ ನಿಜವಾದ 12ರಿಂದ 20 ಡೆಸಿಬಲ್ ಸಾಕು. ‘ನಿಜವಾದ’ ಎಂದದ್ದು ಏಕೆಂದರೆ ಪೊಟ್ಟಣದ ಮೇಲಿನ ಸಂಖ್ಯೆ ಬೇರೆ, ಕಿವಿಯಲ್ಲಿ ದಕ್ಕುವುದು ಬೇರೆ.

ಹೆಜ್ಜೆ 3: ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದಿ

ನಮ್ಮ ಅಂಗಡಿಗಳಿಗೆ ಬರುವ ಪ್ಲಗ್‌ಗಳ ಮೇಲೆ, ಸದ್ದು ಎಷ್ಟು ಡೆಸಿಬಲ್ ತಗ್ಗುತ್ತದೆ ಎಂದು ಹೇಳುವ ಮುಖ್ಯವಾಗಿ ಎರಡು ಬಗೆಯ ಅಂಕಿ ಇರುತ್ತವೆ. ಎನ್‌ಆರ್‌ಆರ್ ಅಮೆರಿಕದ್ದು, ಎಸ್‌ಎನ್‌ಆರ್ ಯುರೋಪಿನದು. ಎರಡನ್ನೂ ಪ್ರಯೋಗಾಲಯದಲ್ಲೇ ಅಳೆಯುತ್ತಾರೆ, ಆದರೆ ಲೆಕ್ಕದ ವಿಧಾನ ಬೇರೆ. ಎನ್‌ಆರ್‌ಆರ್ ಹೆಚ್ಚು ಜಿಪುಣ. ಕಾರ್ಖಾನೆಗಳಲ್ಲಿ ಎಲ್ಲೆಲ್ಲೂ ಕಾಣುವ ಕಿತ್ತಳೆ ಬಣ್ಣದ 3ಎಂ 1100 ಫೋಮ್ ಪ್ಲಗ್ಗನ್ನೇ ನೋಡಿ: ಎನ್‌ಆರ್‌ಆರ್ 29, ಎಸ್‌ಎನ್‌ಆರ್ 37. ವಸ್ತು ಅದೇ, ಅಂಕಿ ಎರಡು. ಆದ್ದರಿಂದ ಒಂದರ ಎನ್‌ಆರ್‌ಆರ್ ಅನ್ನು ಇನ್ನೊಂದರ ಎಸ್‌ಎನ್‌ಆರ್ ಜೊತೆ ಎಂದೂ ಹೋಲಿಸಬೇಡಿ. ಆನ್‌ಲೈನ್ ಮಾರಾಟದ ಪುಟದಲ್ಲಿ ಯಾವ ಪದ್ಧತಿಯೆಂದೇ ಹೇಳದೆ ‘35 ಡೆಸಿಬಲ್ ಶಬ್ದ ನಿವಾರಣೆ’ ಎಂದು ಮಾತ್ರ ಬರೆದಿದ್ದರೆ ಆ ವಸ್ತುವನ್ನು ಬಿಟ್ಟು ಮುಂದೆ ಹೋಗಿ.

ಪ್ರಯೋಗಾಲಯದಲ್ಲಿ ಪ್ಲಗ್ ಹಾಕುವುದು ಪಳಗಿದ ಕೈ. ಜಾತ್ರೆಯ ನೂಕುನುಗ್ಗಲಲ್ಲಿ ಹಾಕುವುದು ನಾವು. ಈ ಅಂತರಕ್ಕಾಗಿ ನಿಯೋಶ್ ಒಂದು ಕಟುವಾದ ಕಡಿತ ಸೂಚಿಸಿತ್ತು: ಫೋಮ್ ಪ್ಲಗ್‌ಗಳ ಎನ್‌ಆರ್‌ಆರ್‌ನಲ್ಲಿ ಅರ್ಧ ಕಳೆಯಿರಿ, ಇತರ ಪ್ಲಗ್‌ಗಳದರಲ್ಲಿ ಶೇ 70 ಕಳೆಯಿರಿ. ಈ ಲೆಕ್ಕದಲ್ಲಿ 29ರ ಫೋಮ್ ಹದಿನಾಲ್ಕೂವರೆಗೆ ಇಳಿಯುತ್ತದೆ. ಇದು ಸರಿಯಾಗಿ ಹಾಕಲು ಬಾರದವರನ್ನೂ ಸೇರಿಸಿದ ಲೆಕ್ಕ. ಮುಂದೆ ಹೇಳುವಂತೆ ಹಾಕಲು ಕಲಿತರೆ ನಿಮಗೆ ಹೆಚ್ಚೇ ದಕ್ಕುತ್ತದೆ. ಕಲಿಯದಿದ್ದರೆ ಪೊಟ್ಟಣದಲ್ಲಿ 40 ಎಂದಿದ್ದರೂ ಪ್ರಯೋಜನವಿಲ್ಲ.

ಯುರೋಪಿನ ಪೊಟ್ಟಣದಲ್ಲಿ ಎಸ್‌ಎನ್‌ಆರ್ ಪಕ್ಕದಲ್ಲೇ ಎಚ್, ಎಂ, ಎಲ್ ಎಂಬ ಮೂರು ಅಂಕಿಗಳಿರುತ್ತವೆ. ಕ್ರಮವಾಗಿ ತಾರ, ಮಧ್ಯ, ಮಂದ್ರದ ಸದ್ದು ಎಷ್ಟು ತಗ್ಗುತ್ತದೆ ಎಂಬ ಲೆಕ್ಕ ಅದು. ಸಂಗೀತಕ್ಕೆ ಪ್ಲಗ್ ಆರಿಸುವವರು ನೋಡಬೇಕಾದ ಸಾಲು ಇದೇ. ಮೂರೂ ಹತ್ತಿರ ಹತ್ತಿರ ಇದ್ದರೆ ಸಂಗೀತದ ಹದ ಕೆಡದೆ ಸದ್ದು ಮಾತ್ರ ಇಳಿಯುತ್ತದೆ. ಎಚ್ ಬಹಳ ಹೆಚ್ಚಿದ್ದು ಎಲ್ ಕಡಿಮೆಯಿದ್ದರೆ ಕಂಬಳಿ ಹೊದ್ದು ಕೇಳಿದಂತಿರುತ್ತದೆ. ಒಳ್ಳೆಯ ತಯಾರಕರು ಇನ್ನೂ ಮುಂದೆ ಹೋಗಿ, 125 ಹರ್ಟ್ಸ್‌ನ ಮಂದ್ರದಿಂದ 8,000 ಹರ್ಟ್ಸ್‌ನ ತಾರದವರೆಗೆ ಸದ್ದು ಎಷ್ಟೆಷ್ಟು ತಗ್ಗುತ್ತದೆ ಎಂಬ ಕೋಷ್ಟಕವನ್ನೇ ಕೊಡುತ್ತಾರೆ. ಆ ಕೋಷ್ಟಕ ಇದೆ ಎಂಬುದೇ ಒಂದು ಭರವಸೆ.

ಹೆಜ್ಜೆ 4: ಬಗೆಯನ್ನು ಆರಿಸಿ

ಫೋಮ್. ಅತ್ಯಂತ ಅಗ್ಗ, ಸರಿಯಾಗಿ ಹಾಕಿದರೆ ಅತ್ಯಂತ ಶಕ್ತ. ಹೆಲ್ಮೆಟ್, ಬೂಟು, ಕೈಗವಸು ಮಾರುವ ಸುರಕ್ಷತಾ ಸಾಮಗ್ರಿ ಅಂಗಡಿಯಲ್ಲಿ ಜೋಡಿಗೆ ಹತ್ತಾರು ರೂಪಾಯಿ ಅಷ್ಟೆ. ತಾರ ಸ್ಥಾಯಿಯನ್ನು ಹೆಚ್ಚು ನುಂಗುತ್ತದೆ, ಆದ್ದರಿಂದ ಗಾಯನ ಕೇಳಲು ಒಗ್ಗುವುದಿಲ್ಲ. ಸ್ಪೀಕರ್ ಗೋಡೆಯ ಪಕ್ಕದಲ್ಲೇ ನಿಲ್ಲಬೇಕಾದ ಸ್ವಯಂಸೇವಕ, ಜನರೇಟರ್ ನೋಡಿಕೊಳ್ಳುವವ, ಬಂದೋಬಸ್ತಿಗೆ ನಿಂತ ಪೊಲೀಸ್ ಸಿಬ್ಬಂದಿ ಇವರಿಗೆ ಇದೇ ಸರಿ. ಸಂಗೀತ ಕೇಳಲೆಂದೇ ಹೋದವರೂ ತುರ್ತಿಗೆಂದು ಒಂದು ಜೋಡಿ ಚೀಲದಲ್ಲಿಟ್ಟುಕೊಳ್ಳಬಹುದು.

ಮೂರು ಅಂತಸ್ತಿನ ಸಿಲಿಕಾನ್. ಕೊಡೆಗಳನ್ನು ಒಂದರ ಮೇಲೊಂದು ಇಟ್ಟ ಆಕಾರ, ಹೆಚ್ಚಾಗಿ ದಾರ ಇರುತ್ತದೆ. ತೊಳೆದು ಮತ್ತೆ ಬಳಸಬಹುದು, ಹಾಕುವುದು ಸುಲಭ. ಫಿಲ್ಟರ್ ಇಲ್ಲದ ಮಾದರಿಯಾದರೆ ಇದೂ ಫೋಮಿನ ಹಾಗೆಯೇ ಸಂಗೀತವನ್ನು ಮಂಕು ಮಾಡುತ್ತದೆ.

ಫಿಲ್ಟರ್ ಇರುವ ಪ್ಲಗ್. ಬಹುಪಾಲು ಓದುಗರು ಕೊಳ್ಳಬೇಕಾದದ್ದು ಇದನ್ನೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಿವಿಯ ನಾಳ ಒಂದು ತುದಿ ಮುಚ್ಚಿದ ಕೊಳವೆ. ಕೊಳಲಿಗೆ ತನ್ನದೇ ಶ್ರುತಿ ಇರುವಂತೆ ಅದಕ್ಕೂ ಒಂದು ಅನುರಣನವಿದೆ. ಸುಮಾರು 2,700 ಹರ್ಟ್ಸ್ ಸುತ್ತಮುತ್ತಲಿನ ಸದ್ದನ್ನು ಅದು ತಾನಾಗಿ ಎತ್ತಿಕೊಡುತ್ತದೆ. ಮಾತಿನ ಸ್ಪಷ್ಟತೆ, ವಾದ್ಯದ ಹೊಳಪು ಇರುವುದು ಈ ಪ್ರದೇಶದಲ್ಲೇ. ಬಿರಡೆ ಹಾಕಿ ನಾಳ ಮುಚ್ಚಿದ ಕೂಡಲೇ ಆ ಕೊಡುಗೆ ನಿಲ್ಲುತ್ತದೆ. ಜೊತೆಗೆ ಬಿರಡೆ ತಾನೂ ತಾರವನ್ನು ಹೆಚ್ಚು ತಡೆಯುತ್ತದೆ. ಹೀಗೆ ಎರಡು ಪೆಟ್ಟು. ಇದಕ್ಕೆ ಮದ್ದು ಕಂಡುಕೊಂಡದ್ದು ಅಮೆರಿಕದ ಇಟಿಮೋಟಿಕ್ ರಿಸರ್ಚ್. ಎಲ್ಮರ್ ಕಾರ್ಲ್‌ಸನ್ ಎಂಬ ಎಂಜಿನಿಯರ್‌ನ ಕಲ್ಪನೆಯನ್ನು ಆಧರಿಸಿ ಆ ಸಂಸ್ಥೆ 1988ರಲ್ಲಿ ಇಆರ್-15 ಎಂಬ ಸಂಗೀತಗಾರರ ಪ್ಲಗ್ ಹೊರತಂದಿತು. ಅಳತೆಗೆ ಮಾಡಿದ ಅಚ್ಚಿನೊಳಗೆ ಸಣ್ಣ ಧ್ವನಿದಾರಿ, ಅದರ ಬಾಯಿಗೆ ತೆಳುಪೊರೆಯ ಫಿಲ್ಟರ್. ಎರಡೂ ಸೇರಿ ಕಳೆದುಹೋದ ಅನುರಣನವನ್ನು ಮರಳಿ ಕಟ್ಟುತ್ತವೆ. ಪರಿಣಾಮ: ಮಂದ್ರದಿಂದ ತಾರದವರೆಗೆ ಹೆಚ್ಚುಕಡಿಮೆ ಒಂದೇ ಸಮ 15 ಡೆಸಿಬಲ್ ಇಳಿಕೆ. ಯಾರೋ ವಾಲ್ಯೂಮ್ ಗುಂಡಿ ತಿರುಗಿಸಿದ ಹಾಗೆ.

ಇಂದು ಇದೇ ತತ್ತ್ವದ ಸಿದ್ಧ ಅಳತೆಯ ಪ್ಲಗ್‌ಗಳು ಸಿಗುತ್ತವೆ. ಇಟಿಮೋಟಿಕ್‌ನ ಇಆರ್20, ನೆದರ್ಲೆಂಡ್ಸ್‌ನ ಆಲ್ಪೈನ್, ಬೆಲ್ಜಿಯಂನ ಲೂಪ್ ಹೆಸರಾದವು. ಬೆಲೆ ಸಾವಿರದ ಮೇಲೆ, ಕೆಲವು ಸಾವಿರದವರೆಗೆ. ಇವುಗಳ ಎನ್‌ಆರ್‌ಆರ್ ನೋಡಿ ಗಾಬರಿಯಾಗಬೇಡಿ, ಹದಿನೈದಕ್ಕಿಂತ ಕಡಿಮೆ ಇರುವುದು ಸಾಮಾನ್ಯ. ಜಿಪುಣ ಲೆಕ್ಕದ ಫಲ ಅದು. ಆದರೆ ಒಂದು ಎಚ್ಚರ: ‘ಹೈ ಫಿಡೆಲಿಟಿ’ ಎಂದು ಬರೆದ ಎಲ್ಲದರಲ್ಲೂ ಫಿಲ್ಟರ್ ಇರುವುದಿಲ್ಲ. ಪ್ಲಾಸ್ಟಿಕ್ ತುಂಡಿಗೆ ಬರಿದೇ ತೂತು ಕೊರೆದವೂ ಅದೇ ಹೆಸರಲ್ಲಿ ಮಾರಾಟವಾಗುತ್ತವೆ. ಹೆಜ್ಜೆ 3ರ ಕೋಷ್ಟಕ ಕೇಳಿ; ಇಲ್ಲದಿದ್ದರೆ ದುಡ್ಡು ಕೊಡಬೇಡಿ. ಒಂದೇ ಕಂಪನಿ ನಿದ್ರೆಗೆ, ಓದಿಗೆ, ಸಂಗೀತಕ್ಕೆ ಎಂದು ಬೇರೆ ಬೇರೆ ಮಾದರಿ ಮಾಡುತ್ತದೆ, ನೋಡಲು ಮಾತ್ರ ಅವಳಿ ಜವಳಿ. ಮಾದರಿಯ ಹೆಸರನ್ನು ಎರಡು ಸಲ ಓದಿ.

ಕಿವಿಯ ಅಚ್ಚು ತೆಗೆದು ಮಾಡಿಸಿದ ಪ್ಲಗ್. ವಾರಕ್ಕೆ ಹಲವು ಸಲ ವೇದಿಕೆ ಏರುವವರಿಗೆ, ಸೌಂಡ್ ಎಂಜಿನಿಯರ್‌ಗಳಿಗೆ ಇದು ಯೋಗ್ಯ ಹೂಡಿಕೆ. ಶ್ರವಣತಜ್ಞರು ಮೊದಲು ದೀಪದ ಉಪಕರಣದಿಂದ ನಾಳ ನೋಡುತ್ತಾರೆ, ಗುಗ್ಗೆ ಇದ್ದರೆ ಮುಂದುವರಿಯುವುದಿಲ್ಲ. ಆಮೇಲೆ ದಾರ ಕಟ್ಟಿದ ಪುಟ್ಟ ಸ್ಪಂಜಿನ ತಡೆಯನ್ನು ನಾಳದ ಎರಡನೇ ತಿರುವಿನಾಚೆ ಇಡುತ್ತಾರೆ. ಸಿರಿಂಜಿನಿಂದ ತಣ್ಣನೆಯ ಸಿಲಿಕಾನ್ ಹಿಟ್ಟು ಒಳಗೆ ತುಂಬುತ್ತದೆ. ಆ ಕಿವಿಯ ಲೋಕ ನಿಧಾನವಾಗಿ ಮೌನವಾಗುತ್ತದೆ. ಕೆಲವು ನಿಮಿಷಕ್ಕೆ ಗಟ್ಟಿಯಾದ ಮೇಲೆ ಹಿಂಭಾಗದಿಂದ ಸಡಿಲಿಸಿ, ತಿರುವಿ ಹೊರತೆಗೆಯುತ್ತಾರೆ. ಹಾಡುವವರು, ಊದುವವರು ಅಚ್ಚು ತೆಗೆಯುವಾಗ ಬಾಯಿ ತೆರೆದಿಟ್ಟುಕೊಳ್ಳಬೇಕು. ದವಡೆ ಅಲುಗಿದಾಗ ನಾಳದ ಆಕಾರವೂ ಬದಲಾಗುತ್ತದೆ, ಬಾಯಿ ಮುಚ್ಚಿ ತೆಗೆದ ಅಚ್ಚಿನ ಪ್ಲಗ್ ಹಾಡುವಾಗ ಸೋರುತ್ತದೆ. ಇದನ್ನು ನೀವೇ ನೆನಪಿಸಿ. ಫಿಲ್ಟರ್‌ಗಳನ್ನು 9, 15, 25 ಡೆಸಿಬಲ್‌ಗೆ ಬದಲಿಸಿಕೊಳ್ಳಬಹುದಾದ ಮಾದರಿಯಾದರೆ ಒಂದೇ ಅಚ್ಚು ಹಲವು ಕಡೆ ಒದಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಅಚ್ಚು ಮಾಡುವ ಪ್ರಯೋಗಾಲಯವಿದೆ. ದೊಡ್ಡ ಊರುಗಳ ಶ್ರವಣಸಾಧನ ಕೇಂದ್ರಗಳೂ ಅಚ್ಚು ತೆಗೆಯುತ್ತವೆ. ಹೋಗುವ ಮುನ್ನ ‘ಸಂಗೀತಗಾರರ ಫಿಲ್ಟರ್ ಹಾಕಿಕೊಡುತ್ತೀರಾ’ ಎಂದು ಫೋನ್ ಮಾಡಿ ಕೇಳಿ. ಇಲ್ಲದಿದ್ದರೆ ಈಜುವವರ ಗಟ್ಟಿ ಬಿರಡೆ ಕೈಗೆ ಬಂದೀತು.

ಇನ್ನು ಬಳಸಬಾರದವು. ಹತ್ತಿ ಹೆಸರಿಗಷ್ಟೇ ಅಡ್ಡಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಬಡ್‌ಗಳು ವಿಮಾನದ, ಬಸ್ಸಿನ ಮಂದ್ರ ಮೊರೆತವನ್ನು ಇಳಿಸುವುದರಲ್ಲಿ ಜಾಣ; ಚೆಂಡೆಯ ಏಟಿಗೆ, ತಾಸೆಯ ಚಟಪಟಕ್ಕೆ ಅವನ್ನು ನಂಬಿ ನಿಲ್ಲುವಂತಿಲ್ಲ. ಒಳಗೆ ಹಾಡು ಹಾಕಿಕೊಂಡು ಹೊರಗಿನ ಸದ್ದನ್ನು ಮೀರಿಸುವ ಚಾಳಿಯಂತೂ ಗಾಯದ ಮೇಲೆ ಬರೆ.

ಹೆಜ್ಜೆ 5: ಅಳತೆ ನೋಡಿ

ಎರಡು ಕಿವಿಗಳ ನಾಳ ಒಂದೇ ಗಾತ್ರವಾಗಿರಬೇಕೆಂಬ ನಿಯಮವಿಲ್ಲ. ಎಡಕ್ಕೆ ಸಣ್ಣ, ಬಲಕ್ಕೆ ಮಧ್ಯಮ ತುದಿ ಬೇಕಾದರೆ ಹಾಗೆಯೇ ಹಾಕಿಕೊಳ್ಳಿ. ಆದ್ದರಿಂದ ಪೆಟ್ಟಿಗೆಯಲ್ಲಿ ಎರಡು ಮೂರು ಅಳತೆಯ ತುದಿಗಳಿರುವುದನ್ನೇ ಕೊಳ್ಳಿ. ಹದಿನೈದು ನಿಮಿಷಕ್ಕೆ ನೋವು ಬಂದರೆ ದೊಡ್ಡದಾಯಿತು. ದವಡೆ ಆಡಿಸಿದಾಗ ಹೊರಜಾರಿದರೆ ಸಣ್ಣದಾಯಿತು ಅಥವಾ ಆಳಕ್ಕೆ ಹೋಗಿಲ್ಲ. ನಾಳ ಕಿರಿದಾದವರು ಫೋಮಿನಲ್ಲೂ ಸಣ್ಣ ಅಳತೆ ಕೇಳಬೇಕು. ಸಾಮಾನ್ಯ ಅಳತೆಯದು ಅರ್ಧ ಒಳಗೆ, ಅರ್ಧ ಹೊರಗೆ ನಿಂತು ನೋವಷ್ಟೇ ಕೊಡುತ್ತದೆ.

ಅಳತೆಯ ಪ್ರಯೋಗವನ್ನು ಕಾರ್ಯಕ್ರಮದ ದಿನ ಮಾಡಬೇಡಿ. ಹಿಂದಿನ ದಿನವೇ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿಸಿ, ಅದರ ಪಕ್ಕ ನಿಂತು ಮಾಡಿ.

ಹೆಜ್ಜೆ 6: ಹಾಕುವುದನ್ನು ಕಲಿಯಿರಿ

ಫೋಮ್ ಪ್ಲಗ್‌ಗೆ ಕ್ರಮ ಹೀಗೆ. ಕೈ ತೊಳೆದು ಒರೆಸಿಕೊಳ್ಳಿ. ಪ್ಲಗ್ಗನ್ನು ಬೆರಳುಗಳ ನಡುವೆ ಮೊದಲು ಮೆಲ್ಲಗೆ, ಆಮೇಲೆ ಒತ್ತಿ ಹೊಸೆಯಿರಿ. ದೀಪದ ಬತ್ತಿಯಂತೆ ತೆಳ್ಳಗೆ, ಮಡಿಕೆ ಸುಕ್ಕು ಇಲ್ಲದೆ ಬರಬೇಕು. ಸುಕ್ಕು ಉಳಿದರೆ ಅದೇ ಸದ್ದು ನುಗ್ಗುವ ಓಣಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯ ಮೇಲ್ಭಾಗ ಹಿಡಿದು, ಮೇಲಕ್ಕೆ ಮತ್ತು ಹಿಂದಕ್ಕೆ ಎಳೆಯಿರಿ. ಡೊಂಕಾದ ನಾಳ ನೆಟ್ಟಗಾಗುವುದು ಆಗಲೇ. ತಡಮಾಡದೆ ಪ್ಲಗ್ ಒಳಗೆ ತೂರಿಸಿ, ಬೆರಳ ತುದಿಯಿಂದ ಒತ್ತಿ ಹಿಡಿದು ಅರ್ಧ ನಿಮಿಷ ಕಾಯಿರಿ. ಫೋಮ್ ಉಬ್ಬಿ ಗೋಡೆಗೆ ಅಂಟುವ ಚರಚರ ಸದ್ದು ಕೇಳಿಸುತ್ತದೆ. ಎದುರಿನಿಂದ ನೋಡಿದವರಿಗೆ ಪ್ಲಗ್‌ನ ತುದಿ ಚಾಚಿಕೊಂಡು ಕಂಡರೆ ಸರಿಯಾಗಿ ಕೂತಿಲ್ಲ. ತೆಗೆದು ಮತ್ತೆ ಹೊಸೆಯಿರಿ. ಅಲ್ಲಿಂದಲೇ ದೂಡಿದರೆ ಹೋಗುವುದಿಲ್ಲ.

ಫಿಲ್ಟರ್ ಪ್ಲಗ್, ಸಿಲಿಕಾನ್ ಪ್ಲಗ್‌ಗಳನ್ನು ಹೊಸೆಯುವಂತಿಲ್ಲ. ಕಿವಿ ಎಳೆಯುವುದು ಮಾತ್ರ ಅದೇ ಬಗೆ. ತುದಿಯನ್ನು ನೀರಿನಲ್ಲಿ ತುಸು ತೇವ ಮಾಡಿ, ಮೆಲ್ಲಗೆ ತಿರುಗಿಸುತ್ತ ಒಳಗೆ ಬಿಡಿ. ತೆಗೆಯುವಾಗಲೂ ತಿರುವಿ, ಗಾಳಿ ಬಿಡಿಸಿ, ನಿಧಾನ ಎಳೆಯಿರಿ. ಬಿಗಿಯಾಗಿ ಕೂತದ್ದನ್ನು ಗಬಕ್ಕನೆ ಕಿತ್ತರೆ ಕಿವಿತಮಟೆಗೆ ನೋವಾಗುತ್ತದೆ.

ಸದ್ದು ಶುರುವಾಗುವ ಮೊದಲೇ ಹಾಕಿ. ಹತ್ತು ನಿಮಿಷದಲ್ಲಿ ಕಿವಿ, ಮನಸ್ಸು ಎರಡೂ ಹೊಸ ಮಟ್ಟಕ್ಕೆ ಹೊಂದಿಕೊಳ್ಳುತ್ತವೆ. ಜೋರು ಸದ್ದಿನ ನಡುವೆ ಹಾಕಿದವರಿಗೆ ಎಲ್ಲವೂ ದಿಢೀರನೆ ಸಪ್ಪೆ ಎನಿಸಿ ತೆಗೆಯುವ ಮನಸ್ಸಾಗುತ್ತದೆ. ನಡುವೆ ತೆಗೆಯಲೇಬೇಕಾದರೆ ಹೊರಗೆ ಹೋಗಿ ತೆಗೆಯಿರಿ.

ಹೆಜ್ಜೆ 7: ಕೂತಿದೆಯೇ ಎಂದು ಪರೀಕ್ಷಿಸಿ

ಒಂದೇ ಸಮನೆ ಬರುವ ಸದ್ದಿನಲ್ಲಿ, ಮಿಕ್ಸಿಯದೇ ಆಗಲಿ, ಎರಡು ಅಂಗೈಗಳಿಂದ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿ, ಬಿಡಿ. ಮುಚ್ಚಿದಾಗ ಸದ್ದು ಎದ್ದು ಕಾಣುವಷ್ಟು ಇಳಿದರೆ ಪ್ಲಗ್ ಸೋರುತ್ತಿದೆ. ಹೆಚ್ಚು ವ್ಯತ್ಯಾಸ ತಿಳಿಯದಿದ್ದರೆ ಸರಿಯಾಗಿದೆ. ಎರಡನೆಯ ಪರೀಕ್ಷೆ ನಿಮ್ಮದೇ ದನಿ. ಒಂದು ಷಡ್ಜ ಹಿಡಿದು ಗುನುಗಿ: ಬಾವಿಯೊಳಗಿಂದ ಬಂದಂತೆ ತಲೆ ತುಂಬ ಮೊಳಗಿದರೆ ನಾಳ ಮುಚ್ಚಿದೆ. ಒಂದೇ ಕಡೆ ಮೊಳಗಿದರೆ ಇನ್ನೊಂದು ಕಡೆಯದನ್ನು ಮತ್ತೆ ಹಾಕಿ.

ಬಾರಿಸುವವರಿಗೆ, ಹಾಡುವವರಿಗೆ

ಗುನುಗಿದಾಗ ಕೇಳಿದ ಆ ಮೊಳಗೇ ಕಲಾವಿದರು ಪ್ಲಗ್ ಬೇಡವೆನ್ನಲು ಮೊದಲ ಕಾರಣ. ದೂರು ನ್ಯಾಯವಾದದ್ದೇ. ಯಕ್ಷಗಾನದ ಭಾಗವತರ ಸ್ಥಿತಿ ನೋಡಿ. ಚೆಂಡೆಯ ಹತ್ತಿರವೇ ಕುಳಿತು ರಾತ್ರಿಗಟ್ಟಲೆ ಹಾಡಬೇಕು, ಪದ ಸ್ಪಷ್ಟವಿರಬೇಕು, ಶ್ರುತಿ ಬಿಡಬಾರದು. ನಾಳದ ಬಾಯಲ್ಲಷ್ಟೇ ಕೂರುವ ಮೃದು ಪ್ಲಗ್ ಹಾಕಿದರೆ ಮೂಳೆಯ ಮೂಲಕ ಬರುವ ತಮ್ಮ ದನಿಯೇ ಚೆಂಡೆಗಿಂತ ದೊಡ್ಡದಾಗಿ ಕೇಳುತ್ತದೆ. ಮದ್ದು ತಲೆಕೆಳಗಾದಂತೆ ಕಾಣುತ್ತದೆ: ಪ್ಲಗ್ ಇನ್ನೂ ಆಳಕ್ಕೆ ಹೋಗಬೇಕು. ನಾಳದ ಒಳಭಾಗದ ಗೋಡೆ ಮೂಳೆಯದು. ಅಲ್ಲಿಯವರೆಗೆ ಮುಟ್ಟಿ ಮುಚ್ಚುವ, ಅಚ್ಚು ತೆಗೆದು ಮಾಡಿದ ಪ್ಲಗ್‌ನಲ್ಲಿ ಈ ಮೊಳಗು ಬಹಳಷ್ಟು ಇಳಿಯುತ್ತದೆ. ಹಾಡುವವರು, ನಾಗಸ್ವರ ಅಥವಾ ಸ್ಯಾಕ್ಸೊಫೋನ್ ಊದುವವರು 9ರ ಫಿಲ್ಟರ್‌ನಿಂದ ಆರಂಭಿಸಿ, ಒಗ್ಗಿದ ಮೇಲೆ 15ಕ್ಕೆ ಹೋಗಬಹುದು.

ಚೆಂಡೆ, ಡೊಳ್ಳು, ತಮಟೆ, ತಾಸೆ, ಡ್ರಮ್‌ಸೆಟ್ ಬಾರಿಸುವವರಿಗೆ 15 ಸಾಲದೆ ಹೋಗಬಹುದು. ಅವರ ಕಿವಿಗೂ ವಾದ್ಯಕ್ಕೂ ಇರುವ ಅಂತರ ತೋಳಳತೆಯಷ್ಟೇ, ಜೊತೆಗೆ ಏಟಿನ ಸದ್ದು ಹಠಾತ್ತನೆ ಚಿಮ್ಮುವಂಥದ್ದು. ದೊಡ್ಡ ಸದ್ದಿಗೆ ಬಿಗಿಯುವ ಒಳಗಿನ ಪುಟ್ಟ ಸ್ನಾಯು ಎಚ್ಚರಗೊಳ್ಳುವ ಮೊದಲೇ ಏಟು ಒಳಗಿವಿ ಮುಟ್ಟಿರುತ್ತದೆ. ಇವರು 25ರ ಫಿಲ್ಟರ್ ನೋಡಬೇಕು. ಅಭ್ಯಾಸದ ಕೋಣೆಯಲ್ಲಂತೂ ತಪ್ಪದೆ, ಏಕೆಂದರೆ ಸೂರಿನಡಿಯ ಸದ್ದು ಬಯಲಿನದಕ್ಕಿಂತ ಕಠಿಣ. ವಾದ್ಯವಿರುವ ಕಡೆಯ ಕಿವಿಗೆ ಮಾತ್ರ ಹಾಕುವ ರೂಢಿ ಕೆಲವರಲ್ಲಿದೆ. ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೆ. ಎರಡೂ ಕಿವಿಗೆ ಬೇರೆ ಬೇರೆ ಫಿಲ್ಟರ್ ಹಾಕುವುದು ಅದಕ್ಕಿಂತ ಜಾಣತನ.

ಹೊಸ ಪ್ಲಗ್ಗನ್ನು ನೇರ ವೇದಿಕೆಗೆ ಒಯ್ಯಬೇಡಿ. ಒಂದೆರಡು ವಾರ ಮನೆಯ ಅಭ್ಯಾಸದಲ್ಲಿ ಹಾಕಿ. ಮೊದಮೊದಲು ಪ್ಲಗ್ ಹಾಕಿದ ಬಾರಿಸುವವರು ತಿಳಿಯದೆ ಏಟು ಬಿಗಿ ಮಾಡಿ ಕೈ ನೋಯಿಸಿಕೊಳ್ಳುತ್ತಾರೆ. ಸ್ಪೀಕರ್ ಸ್ಟ್ಯಾಕ್‌ನ ಬುಡದಲ್ಲಿ ಕೆಲಸ ಮಾಡುವವರು ಫೋಮ್ ಪ್ಲಗ್ ಮೇಲೆ, ಕಿವಿಯನ್ನು ಹೊರಗಿನಿಂದ ಬಟ್ಟಲಿನಂತೆ ಮುಚ್ಚುವ ಇಯರ್‌ಮಫ್ ಕೂಡ ಹಾಕಬಹುದು. ಎರಡರ ಅಂಕಿಯನ್ನು ಕೂಡಿಸಬೇಡಿ. ಹೆಚ್ಚಿರುವುದಕ್ಕೆ ಸುಮಾರು 5 ಸೇರಿಸಿದರೆ ಸರಿಯಾದ ಅಂದಾಜು.

ಮಕ್ಕಳಿಗೆ

ಸಣ್ಣ ಮಕ್ಕಳಿಗೆ ಪ್ಲಗ್ ಬೇಡ. ನಾಳ ಕಿರಿದು, ಕಿತ್ತು ಬಾಯಿಗೆ ಹಾಕಿಕೊಂಡರೆ ಉಸಿರು ಕಟ್ಟುವ ಅಪಾಯ. ತಲೆಯ ಮೇಲೆ ಪಟ್ಟಿ ಬರುವ ಮಕ್ಕಳ ಅಳತೆಯ ಇಯರ್‌ಮಫ್ ಕೊಳ್ಳಿ. ಬಟ್ಟಲು ಕಿವಿಯನ್ನು ಪೂರ್ತಿ ಮುಚ್ಚಬೇಕು, ಟೋಪಿ, ಹೂವಿನ ಜಡೆ ನಡುವೆ ಸಿಕ್ಕಿಕೊಳ್ಳಬಾರದು. ಹೆಗಲ ಮೇಲೆ ಕೂರಿಸಿಕೊಂಡು ಡಿಜೆ ಲಾರಿಯ ಹಿಂದೆ ನಡೆಯುವ ಅಪ್ಪಂದಿರು ಗಮನಿಸಬೇಕು: ಜನರ ತಲೆಗಳ ಮರೆಯೂ ಇಲ್ಲದೆ ಸ್ಪೀಕರ್‌ನ ನೇರಕ್ಕೆ ಬರುವುದು ಮಗುವಿನ ಕಿವಿ.

ನಿಗಾ ಮತ್ತು ತಪಾಸಣೆ

ಫೋಮ್ ಪ್ಲಗ್ ತೊಳೆಯುವ ವಸ್ತುವಲ್ಲ. ಕೊಳೆಯಾದರೆ, ಉಬ್ಬುವುದು ನಿಧಾನವಾದರೆ ಎಸೆಯಿರಿ. ಸಿಲಿಕಾನ್ ತುದಿಗಳನ್ನು ಸೌಮ್ಯ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಆದರೆ ಮೊದಲು ಫಿಲ್ಟರ್ ಬಿಡಿಸಿಡಿ. ಫಿಲ್ಟರ್‌ಗೆ ನೀರು, ಸ್ಪಿರಿಟ್, ಪಿನ್ನು ಯಾವುದೂ ಆಗದು. ತುದಿ ಗಡುಸಾದರೆ, ಬಿರಿದರೆ ಬದಲಿಸಿ. ಅಚ್ಚಿನ ಪ್ಲಗ್ ಕೆಲವು ವರ್ಷ ಬಾಳುತ್ತದೆ, ತೂಕ ಬಹಳ ಏರಿಳಿದರೆ ಸಡಿಲವಾಗಬಹುದು.

ಕಿವಿ ಸೋರುತ್ತಿದ್ದರೆ, ಕಿವಿತಮಟೆಯಲ್ಲಿ ರಂಧ್ರವಿದ್ದರೆ, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದ್ದರೆ ವೈದ್ಯರನ್ನು ಕೇಳದೆ ಏನನ್ನೂ ಒಳಗೆ ಹಾಕಬೇಡಿ. ಗುಗ್ಗೆ ಹೆಚ್ಚಿರುವವರಲ್ಲಿ ಪ್ಲಗ್ ಅದನ್ನು ಇನ್ನೂ ಒಳಕ್ಕೆ ದೂಡುತ್ತದೆ. ಕಡ್ಡಿ, ಹೇರ್‌ಪಿನ್‌ಗಳ ಸಾಹಸ ಬಿಟ್ಟು ತೆಗೆಸಿಕೊಂಡು ಬನ್ನಿ.

ಕಾರ್ಯಕ್ರಮ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವುದು, ಹತ್ತಿ ತುಂಬಿದಂತಾಗುವುದು ಎಂದರೆ ಆ ದಿನದ ರಕ್ಷಣೆ ಸಾಲಲಿಲ್ಲ ಎಂದರ್ಥ. ಮರುದಿನ ಹೋಯಿತೆಂದು ನಿರಾಳವಾಗಬೇಡಿ, ಮುಂದಿನ ಸಲ ದೂರ ಹೆಚ್ಚಿಸಿ ಅಥವಾ ಫಿಲ್ಟರ್ ಬದಲಿಸಿ. ಎರಡು ದಿನವಾದರೂ ಗುಂಯ್‌ಗುಟ್ಟುವುದು ನಿಲ್ಲದಿದ್ದರೆ ಕಿವಿ-ಮೂಗು-ಗಂಟಲು ತಜ್ಞರಲ್ಲಿಗೆ ಹೋಗಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಎರಡು ದಿನವೂ ಕಾಯಬೇಡಿ, ಅಂದೇ ಹೋಗಿ. ಅದಕ್ಕೆ ಚಿಕಿತ್ಸೆ ಬೇಗ ಶುರುವಾದಷ್ಟೂ ಫಲ ಹೆಚ್ಚು.

ಸಂಗೀತವೇ ಕಸುಬಾದವರು ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಬೇಕು. ಸದ್ದಿನ ಹಾನಿ ಮೊದಲು ಕಚ್ಚುವುದು 3,000ದಿಂದ 6,000 ಹರ್ಟ್ಸ್ ನಡುವೆ, ಹೆಚ್ಚಾಗಿ 4,000ದಲ್ಲಿ. ಮಾತು ಸರಿಯಾಗಿ ಕೇಳುತ್ತಿರುವಾಗಲೇ ನಕ್ಷೆಯಲ್ಲಿ ಅಲ್ಲೊಂದು ಗುಳಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ 3,000, 4,000, 6,000 ಮೂರನ್ನೂ ಪರೀಕ್ಷಿಸುವಂತೆ ಕೇಳಿ, ಹಿಂದಿನ ಒಂದು ದಿನವಿಡೀ ಜೋರು ಸದ್ದಿನಿಂದ ದೂರವಿದ್ದು ಹೋಗಿ, ವರದಿಯ ಪ್ರತಿಯನ್ನು ಮನೆಯಲ್ಲಿಡಿ. ಮುಂದಿನ ವರ್ಷದ ನಕ್ಷೆಯನ್ನು ಹೋಲಿಸಲು ಬೇಕಾಗುವುದು ಅದೇ.